ಬೋಪಯ್ಯನವರ ಹೆಸರಿನಲ್ಲಿ ನಾನು ಹಾಕಿದ ಸಹಿ

ನೂರಾಳ ರೈಫಲಿಗೆ ಆ ಹ್ಯಾಂಡ್‌ಗಾರ್ಡ್ ಕೂಡಿಸಿದ್ದು ಬೋಪಯ್ಯನವರಲ್ಲ, ನಾನು. ರಿಜಿಸ್ಟರಿನಲ್ಲಿ ಅವರ ಸಹಿ ಹಾಕಿದ್ದೂ ನಾನೇ.

ಏಳು ವರ್ಷ ಈ ಎರಡು ವಾಕ್ಯಗಳನ್ನು ನಾಲಗೆಯ ತುದಿಯವರೆಗೆ ತಂದು ನುಂಗಿದ್ದೇನೆ. ಗಂಡನಿಗೂ ಹೇಳಿರಲಿಲ್ಲ. ಇವತ್ತು ಬರೆಯುತ್ತಿದ್ದೇನೆ — ಧೈರ್ಯ ಬಂದಿದೆ ಎಂದಲ್ಲ, ಸುಮ್ಮನಿರಲು ಇನ್ನು ನನ್ನಲ್ಲಿ ಕಾರಣಗಳು ಉಳಿದಿಲ್ಲ, ಅದಕ್ಕೆ.

ಕುವೈತ್ ಪೇಟೆ ಮುಗಿದು ಮರಳು ಶುರುವಾಗುವಲ್ಲಿ ಒಂದು ಶೂಟಿಂಗ್ ಕ್ಲಬ್ಬು. ಅದರ ಹೆಸರು ಬೇಡ. ಅಲ್ಲಿ ನಾನು ಕೌಂಟರಿನ ಕೆಲಸಕ್ಕೆ ಸೇರಿದ್ದೆ. ಸದಸ್ಯರ ಲೈಸೆನ್ಸ್ ನೋಡುವುದು, ಯಾವ ರೈಫಲ್ ಯಾವಾಗ ಹೊರಗೆ ಹೋಯಿತು, ಯಾವಾಗ ಒಳಗೆ ಬಂತು ಎಂದು ಬರೆಯುವುದು. ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಕಾರ್ಕಳದ ಕಡೆಯಿಂದ ಉಡುಪಿಗೆ ದಿನಾ ಬಸ್ಸಿನಲ್ಲಿ ಹೋಗಿ ಓದಿದವಳು. ಕ್ಲಾಸಿನಲ್ಲಿ ನಾವು ಇಬ್ಬರೇ ಹುಡುಗಿಯರು. ಲೇಥಿನ ಮುಂದೆ ನಿಂತರೆ ನನ್ನ ಕೈ ನಡುಗುತ್ತಿರಲಿಲ್ಲ ಎಂದು ಮೇಷ್ಟ್ರೇ ಹೇಳುತ್ತಿದ್ದರು. ಮದುವೆಯಾಗಿ ಹವಲ್ಲಿಯ ಎರಡು ಕೋಣೆಯ ಫ್ಲಾಟಿಗೆ ಬಂದ ಮೇಲೆ ಆ ಕೈಗೆ ಸಿಕ್ಕಿದ್ದು ಬಾಲ್‌ಪೆನ್ನು. ಗಂಡ ರಮೇಶನದು ಕೆಳಗಿನ ರಸ್ತೆಯಲ್ಲಿ ಫೋನ್ ರಿಪೇರಿ ಅಂಗಡಿ.

ಕೌಂಟರಿನ ಹಿಂದೆ ಒಂದು ಬಾಗಿಲು. ಬಾಗಿಲಾಚೆ ಬೋಪಯ್ಯನವರ ವರ್ಕ್‌ಶಾಪು. ಕೊಡಗಿನವರು. ಸೈನ್ಯದಲ್ಲಿ ಬಂದೂಕು ರಿಪೇರಿ ಮಾಡುವ ಆರ್ಮರರ್ ಆಗಿದ್ದು, ನಿವೃತ್ತಿಯ ಮೇಲೆ ಇಲ್ಲಿಗೆ ಬಂದವರು. ಇಡೀ ಕ್ಲಬ್ಬಿನಲ್ಲಿ ನಾವಿಬ್ಬರೇ ಕನ್ನಡದವರು. ಗನ್‌ಸ್ಮಿತ್ ಎಂದರೆ ಏನೋ ಗತ್ತಿನ ಮನುಷ್ಯ ಎಂದು ನೀವು ಅಂದುಕೊಂಡರೆ — ಅಲ್ಲ. ಸಣ್ಣಗಿನ ಆಳು, ಅಂಗಿಯ ಜೇಬಿನಲ್ಲಿ ಸದಾ ಒಂದು ಹಳೆ ಟೂತ್‌ಬ್ರಷ್ಷು, ಒಂದು ಚಿಂದಿ ಬಟ್ಟೆ.

ಅವರ ಮೇಲೆ ಸದಸ್ಯರಿಗೆಲ್ಲ ಒಂದೇ ದೂರು: ನಿಧಾನ. ‘ಅರ್ಧ ಗಂಟೆಯ ಕೆಲಸಕ್ಕೆ ಎರಡು ದಿನ ಕಾಯಿಸುತ್ತಾನೆ, ಮೇಲೆ ಕೂಲಿ ಬೇರೆ. ವೀಡಿಯೊ ನೋಡಿ ನಾವೇ ಮಾಡಿಕೊಳ್ಳಬಾರದೇ?’ ಎಂದು ಅವರು ನನ್ನ ಕೌಂಟರಿಗೆ ಬಂದು ಗೊಣಗುತ್ತಿದ್ದರು. ಕ್ಲಬ್ಬಿನ ನಿಯಮ ಅದಕ್ಕೆ ಬಿಡುತ್ತಿರಲಿಲ್ಲ. ಕ್ಲಬ್ಬಿನಲ್ಲಿರುವ ಯಾವ ರೈಫಲನ್ನು ಬಿಚ್ಚಬೇಕಾದರೂ ಬೋಪಯ್ಯನವರೇ ಬಿಚ್ಚಬೇಕು, ಅವರೇ ಸಹಿ ಹಾಕಬೇಕು. ನಾನು ತಲೆಯಾಡಿಸುತ್ತಿದ್ದೆ, ಒಳಗೊಳಗೆ ಸದಸ್ಯರ ಕಡೆಯೇ ಇದ್ದೆ. ಯಾಕೆಂದರೆ ‘ನನಗೂ ಕಲಿಸಿ ಸರ್’ ಎಂದು ಎರಡು ಸಲ ಕೇಳಿದ್ದೆ. ಎರಡು ಸಲವೂ ಅವರು ‘ಮೊದಲು ನೋಡ್ಲಿಕ್ಕೆ ಕಲಿ’ ಎಂದಿದ್ದರು. ಡಿಪ್ಲೊಮಾ ಮಾಡಿದವಳಿಗೆ ನೋಡಲು ಕಲಿ ಎಂದರೆ — ಆ ಮಾತು ನನಗೆ ಚುಚ್ಚಿತ್ತು.

ನೂರಾ ಕುವೈತಿನವಳೇ, ರುಮೈಥಿಯಾ ಬಡಾವಣೆಯ ಹುಡುಗಿ, ಶಾಲೆಯಲ್ಲಿ ಗಣಿತ ಟೀಚರು. ಪಾಯಿಂಟ್ ಟೂ-ಟೂ ರೈಫಲಿನಲ್ಲಿ ಅವಳಷ್ಟು ಚೆನ್ನಾಗಿ ಗುರಿಯಿಡುವ ಹೆಂಗಸರು ಆಗ ಕ್ಲಬ್ಬಿನಲ್ಲಿ ಇನ್ನೊಬ್ಬರಿರಲಿಲ್ಲ. ಹೊರದೇಶದಲ್ಲಿ ನಡೆಯುವ ಪಂದ್ಯಕ್ಕೆ ತಂಡ ಆರಿಸುವ ದಿನ ಹತ್ತಿರ ಬಂದಿತ್ತು. ಅದಕ್ಕೆಂದೇ ಅವಳು ಹೊಸ ಹ್ಯಾಂಡ್‌ಗಾರ್ಡ್ ತರಿಸಿದ್ದಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅದು ನಳಿಗೆಯ ಸುತ್ತ ಬರುವ ಕವಚ, ಎಡಗೈ ಹಿಡಿಯುವ ಜಾಗ. ನಳಿಗೆಯನ್ನು ಸುತ್ತುವರಿದಿರಬೇಕು, ಆದರೆ ಎಲ್ಲೂ ತಾಗಬಾರದು. ತಾಗಿದರೆ ಗುಂಡು ಗುರಿ ತಪ್ಪುತ್ತದೆ.

ಆ ವಾರ ಬೋಪಯ್ಯನವರ ಕಣ್ಣಿನ ಪೊರೆಗೆ ಪರೀಕ್ಷೆಗಳು ನಡೆಯುತ್ತಿದ್ದವು. ಬೆಳಿಗ್ಗೆ ಮಾತ್ರ ಬಂದು ಹನ್ನೊಂದಕ್ಕೆ ಆಸ್ಪತ್ರೆಗೆ ಹೊರಡುತ್ತಿದ್ದರು. ‘ಗಡಿಬಿಡಿಯಲ್ಲಿ ನಾನು ಮಾಡುದಿಲ್ಲ. ಪಂದ್ಯ ಹಳೆಯದರಲ್ಲೇ ಆಡಲಿ, ಆಮೇಲೆ ಹಾಕಿ ಕೊಡ್ತೇನೆ ಅಂತ ಹೇಳು’ ಎಂದು ನನ್ನ ಮೂಲಕ ಹೇಳಿ ಕಳಿಸಿದರು.

ನೂರಾ ಮಧ್ಯಾಹ್ನ ಬಂದಳು. ಡಬ್ಬಿ ಕೌಂಟರಿನ ಮೇಲಿತ್ತು. ‘ನಾನೇ ಹಾಕಿಕೊಂಡರೆ? ವೀಡಿಯೊದಲ್ಲಿ ಇಪ್ಪತ್ತು ನಿಮಿಷದಲ್ಲಿ ಹಾಕುತ್ತಾರೆ’ ಎಂದಳು. ನಾವು ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಬೋಪಯ್ಯನವರ ಮಾತನ್ನು ಅವಳಿಗೆ ಹೇಳಬೇಕಿತ್ತು. ಅಷ್ಟೇ ನನ್ನ ಕೆಲಸ. ಹೇಳಲಿಲ್ಲ.

‘ಬಿಟ್ಟು ಹೋಗಿ. ಬೋಪಯ್ಯ ಮಾಡಿ ಕೊಡುತ್ತಾರೆ’ ಎಂದೆ.

ಆ ಮಾತು ಹೇಗೆ ಬಂತು ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಅವಳಿಗೆ ಸಹಾಯ ಮಾಡಲೆಂದೇ? ಹಾಗೆ ಅಂದುಕೊಳ್ಳಲು ನೋಡಿದ್ದೇನೆ — ಆಗುವುದಿಲ್ಲ. ನನ್ನ ಕೈ ಇನ್ನೂ ಸತ್ತಿಲ್ಲ ಎಂದು ನನಗೇ ತೋರಿಸಿಕೊಳ್ಳಬೇಕಿತ್ತು. ಕೆಲಸ ಚೆನ್ನಾಗಿ ಆದ ಮೇಲೆ ಒಂದು ದಿನ ಬೋಪಯ್ಯನವರಿಗೆ ಹೇಳಿ, ಅವರ ಮುಖ ನೋಡಬೇಕು ಎಂಬ ಆಸೆಯೂ ಇತ್ತು.

ಅವಳು ಹೋದ ಮೇಲೆ ವರ್ಕ್‌ಶಾಪಿಗೆ ಹೋದೆ. ರೈಫಲ್ ಖಾಲಿ ಇದೆಯೇ ಎಂದು ಬೋಪಯ್ಯನವರು ಪರೀಕ್ಷಿಸುವ ಹಾಗೆಯೇ ಪರೀಕ್ಷಿಸಿ ಮೇಜಿಗೆ ಬಿಗಿದೆ. ಎಷ್ಟು ಬಿಗಿಯಬೇಕೆಂದು ಅಳೆದು ಹೇಳುವ ಪಾನಾ ಅವರ ಕಪಾಟಿನಲ್ಲಿತ್ತು, ಕಪಾಟಿಗೆ ಬೀಗ. ಅಲ್ಲೇ ನಿಲ್ಲಬೇಕಿತ್ತು. ಕೈಯ ಅಂದಾಜಿನಲ್ಲಿ ಬಿಗಿದೆ. ಮುಗಿದಾಗ ಅದು ಕಣ್ಣಿಗೆ ಎಷ್ಟು ಚಂದ ಕಾಣಿಸಿತೆಂದರೆ — ನಿಜ ಹೇಳುತ್ತೇನೆ, ಕುವೈತಿಗೆ ಬಂದ ಮೇಲೆ ಅಷ್ಟು ಸಂತೋಷ ನನಗೆ ಆಗಿರಲಿಲ್ಲ. ಅದೇ ಸಂತೋಷದಲ್ಲಿ ರಿಜಿಸ್ಟರ್ ತೆರೆದು, ಬೆಳಗಿನ ಕೆಲಸಗಳ ಕೆಳಗೆ ಒಂದು ಸಾಲು ಬರೆದು, ದಿನಾ ನೋಡುತ್ತಿದ್ದ ಅವರ ಸಹಿಯನ್ನು ಹಾಗೇ ಎಳೆದೆ.

ಆಯ್ಕೆಯ ದಿನ ಗಾಜಿನಾಚೆ ನಿಂತು ನೋಡಿದೆ. ಮೊದಲ ಸುತ್ತು ಚೆನ್ನಾಗಿ ಹೋಯಿತು. ಎರಡನೆಯದರಲ್ಲಿ ಗುಂಡುಗಳು ಎಡಕ್ಕೆ ಸರಿಯತೊಡಗಿದವು. ನೂರಾ ನಿಲ್ಲುವ ಭಂಗಿ ಬದಲಿಸಿದಳು, ಉಸಿರು ಬದಲಿಸಿದಳು, ಬೆಲ್ಟು ಬಿಚ್ಚಿ ಮತ್ತೆ ಕಟ್ಟಿದಳು. ತಪ್ಪು ತನ್ನಲ್ಲೇ ಇದೆ ಎಂದು ಅವಳು ಹುಡುಕುತ್ತಿದ್ದಳು. ನಾನು ಒಳಗೆ ಹೋಗಿ ಹೇಳಲಿಲ್ಲ. ಅವಳು ತಂಡಕ್ಕೆ ಆಯ್ಕೆಯಾಗಲಿಲ್ಲ.

ಮರುದಿನ ಬೆಳಿಗ್ಗೆ ಮ್ಯಾನೇಜರ್ ಅಬು ಸಾಲೆಂ ನಮ್ಮನ್ನೆಲ್ಲ ವರ್ಕ್‌ಶಾಪಿಗೆ ಕರೆದರು. ನೂರಾ ರೈಫಲನ್ನು ಮೇಜಿನ ಮೇಲಿಟ್ಟಳು. ಕೂಗಾಡಲಿಲ್ಲ. ‘ನಾನೇ ಮಾಡಿಕೊಂಡಿದ್ದರೆ ಇದಕ್ಕಿಂತ ಚೆನ್ನಾಗಿ ಆಗುತ್ತಿತ್ತು’ ಎಂದಳು, ಅಷ್ಟೇ. ಬೋಪಯ್ಯನವರು ಕನ್ನಡಕ ಏರಿಸಿ, ಹ್ಯಾಂಡ್‌ಗಾರ್ಡನ್ನು ಹಿಡಿದು ಮೆಲ್ಲಗೆ ಅಲುಗಿಸಿದರು. ಕೂದಲೆಳೆಯಷ್ಟು ಅಲುಗಿತು. ಅಬು ಸಾಲೆಂ ರಿಜಿಸ್ಟರನ್ನು ಅವರ ಮುಂದೆ ತಳ್ಳಿದರು. ಅವರು ಸಹಿಯ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು.

ಸಿಟ್ಟು ಇರಲಿಲ್ಲ ಆ ನೋಟದಲ್ಲಿ. ಲೆಕ್ಕಹಾಕುವವರ ಹಾಗೆ ನೋಡಿದರು. ಆಯುಧಗಳ ರಿಜಿಸ್ಟರಿನಲ್ಲಿ ಸುಳ್ಳು ಸಹಿ ಎಂದರೆ ಬರೀ ಕೆಲಸ ಹೋಗುವ ಮಾತಲ್ಲ. ಪೊಲೀಸರು, ಇಲ್ಲಿ ವಾಸಿಸಲು ಬೇಕಾದ ಇಕಾಮಾ ರದ್ದು, ಊರಿಗೆ ವಿಮಾನ. ರಮೇಶನ ಅಂಗಡಿ ಆ ತಿಂಗಳೇ ಮುಚ್ಚಿತ್ತೆಂದು ಅವರಿಗೆ ಗೊತ್ತಿತ್ತು. ಮಗಳು ಸಾನ್ವಿ ಆಗಷ್ಟೇ ಶಾಲೆಗೆ ಸೇರಿದ್ದೂ ಗೊತ್ತಿತ್ತು. ನಾನು ಬಾಯಿ ತೆರೆದೆ. ತೆರೆದೆ ಎಂದೇ ನೆನಪು — ಮಾತು ಮಾತ್ರ ಬರಲಿಲ್ಲ.

‘ನನ್ನ ಕೆಲಸ ಸರ್. ನನ್ನ ತಪ್ಪು’ ಎಂದರು ಬೋಪಯ್ಯನವರು, ತಮ್ಮ ಹರಕು ಇಂಗ್ಲಿಷಿನಲ್ಲಿ.

‘ಕಣ್ಣು?’ ಎಂದು ಅಬು ಸಾಲೆಂ ಕೇಳಿದರು.

‘ಹೌದು ಸರ್. ಕಣ್ಣು.’

‘ಖಲಾಸ್’ ಎಂದರು ಅಬು ಸಾಲೆಂ. ಬೈಯಲಿಲ್ಲ, ಬೇಸರದಿಂದಲೇ ಹೇಳಿದರು. ಬೋಪಯ್ಯನವರ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ; ಎರಡು ತಿಂಗಳ ಅವಧಿ ಕೊಟ್ಟರು. ಇನ್ನೂ ಮೂರು ವರ್ಷ ದುಡಿಯಬೇಕೆಂದಿದ್ದ ಮನುಷ್ಯ. ಆ ವಾರವಿಡೀ ಕ್ಲಬ್ಬಿನ ತುಂಬ ಅದೇ ಮಾತು: ಮುದುಕನಿಗೆ ಕಣ್ಣು ಕಾಣಿಸುವುದಿಲ್ಲವಂತೆ.

ಎಲ್ಲರೂ ಹೋದ ಮೇಲೆ ಅವರ ಬಾಗಿಲಲ್ಲಿ ನಿಂತೆ. ‘ಸರ್, ಆವತ್ತು ನಾನು—’

ಅವರು ಕೈಯೆತ್ತಿ ತಡೆದರು. ‘ಕೈ ತಪ್ಪಿದ್ದನ್ನು ನಾನು ತಿದ್ದಬಹುದು. ನಾಳೆಯಿಂದ ಒಂದು ಗಂಟೆ ಮೊದಲು ಬಾ, ಕಲಿಸ್ತೇನೆ. ಸಹಿ ತಪ್ಪಿದ್ದುಂಟಲ್ಲ, ಅದು ನನ್ನಿಂದ ಆಗುದಿಲ್ಲ ಮಾರಾಯ್ತಿ. ಅದನ್ನು ನೀನೇ ನೋಡಿಕೊಳ್ಬೇಕು.’

ಅವರಿಗೆ ಕೃತಜ್ಞಳಾಗಿದ್ದೇನೆ ಎಂದರೆ ಮಾತು ಸಣ್ಣದಾಗುತ್ತದೆ. ತನ್ನ ಅನ್ನ ಕಿತ್ತವಳಿಗೆ ಎರಡು ತಿಂಗಳು ದಿನಾ ಬೆಳಿಗ್ಗೆ ಪಾಠ ಹೇಳುವ ಮನುಷ್ಯ ಎಲ್ಲಿರುತ್ತಾನೆ? ಕಣ್ಣಿನ ಆಪರೇಷನ್ ಆಗಿ ಕಪ್ಪು ಕನ್ನಡಕ ಹಾಕಿಕೊಂಡೇ ಬರುತ್ತಿದ್ದರು. ನಾನು ಹಾಳುಮಾಡಿದ ಅದೇ ಕೆಲಸವನ್ನು ನನ್ನಿಂದ ಹದಿನೇಳು ಸಲ ಬಿಚ್ಚಿಸಿ ಕೂಡಿಸಿದರು. ‘ಬಿಗಿಯುವ ಮೊದಲು ನೋಡು. ಬಿಗಿದ ಮೇಲೂ ನೋಡು. ಎರಡು ದಿನ ಬಿಟ್ಟು ಇನ್ನೊಮ್ಮೆ ನೋಡು’ ಎನ್ನುತ್ತಿದ್ದರು. ಆ ಎರಡು ದಿನ ಯಾಕೆ ಕಾಯಿಸುತ್ತಿದ್ದರೆಂದು ಆಗ ಗೊತ್ತಾಯಿತು. ಅರ್ಧ ಗಂಟೆಯ ಕೆಲಸವನ್ನು ಯಾರೂ ಕಲಿಯಬಹುದು. ನಾವು ಕೂಲಿ ಕೊಡುವುದು ಉಳಿದ ಆ ಎರಡು ದಿನಗಳಿಗೆ, ಕೆಟ್ಟರೆ ‘ನನ್ನದು’ ಎಂದು ಹೇಳುವ ಒಬ್ಬ ಮನುಷ್ಯನಿಗೆ. ಊರಿಗೆ ಹೊರಡುವ ಮೊದಲು ಅಬು ಸಾಲೆಂ ಹತ್ತಿರ ನನ್ನ ಬಗ್ಗೆ ಅವರೇ ಮಾತಾಡಿದರು. ಹೊಸದಾಗಿ ಬಂದ ಗನ್‌ಸ್ಮಿತ್ತಿಗೆ ನಾನು ಸಹಾಯಕಿಯಾದೆ. ಮೂರು ವರ್ಷದಲ್ಲಿ ರೈಫಲ್ ರಿಪೇರಿಯ ಅನುಮತಿ ಪತ್ರವೂ ಬಂತು, ನನ್ನ ಹೆಸರಿನಲ್ಲೇ ಸಹಿ ಹಾಕತೊಡಗಿದೆ. ಸಾನ್ವಿ ಗೆಳತಿಯರಿಗೆಲ್ಲ ‘ಮೈ ಅಮ್ಮ ಫಿಕ್ಸಸ್ ರೈಫಲ್ಸ್’ ಎಂದು ಹೇಳಿಕೊಂಡು ಓಡಾಡುತ್ತಿದ್ದಳು. ನನಗೆ ಸಿಕ್ಕ ಪ್ರತಿಯೊಂದರ ತಳದಲ್ಲೂ ಅವರು ಕಳೆದುಕೊಂಡದ್ದು ಇತ್ತು. ಗೊತ್ತಿತ್ತು, ಆದರೂ —

ಕಳೆದ ತಿಂಗಳು. ನೂರಾ ಈಗ ಕ್ಲಬ್ಬಿನಲ್ಲಿ ಹುಡುಗಿಯರಿಗೆ ಕೋಚ್. ಐದಾರು ಹುಡುಗಿಯರನ್ನು ಕರೆದುಕೊಂಡು ವರ್ಕ್‌ಶಾಪಿಗೆ ಬಂದು, ನನ್ನನ್ನು ಪರಿಚಯಿಸಿ, ಅವರಿಗೆ ಹೇಳಿದಳು: ‘ನಿಮ್ಮ ರೈಫಲನ್ನು ಯಾರ ಕೈಗೆ ಕೊಟ್ಟರೂ ವಾಪಸ್ ಬಂದಾಗ ನೀವೇ ನೋಡಿಕೊಳ್ಳಿ. ಹಿಂದೆ ಇಲ್ಲಿ ಒಬ್ಬ ಮುದುಕನಿದ್ದ. ಕಣ್ಣು ಹೋಗಿದ್ದರೂ ಯಾರಿಗೂ ಹೇಳದೆ ಕೆಲಸ ಮಾಡುತ್ತಿದ್ದ. ನನ್ನ ಒಂದು ವರ್ಷ ಹಾಳಾಯಿತು.’

ಹುಡುಗಿಯರು ತಲೆಯಾಡಿಸಿದರು. ಬೋಪಯ್ಯನವರನ್ನು ನೋಡಿಯೇ ಇಲ್ಲದ ಆ ಮಕ್ಕಳ ತಲೆಯಲ್ಲಿ ಅವರು ಇನ್ನು ಮೇಲೆ ಹಾಗೆಯೇ ಉಳಿಯುತ್ತಾರೆ.

ಹುಡುಗಿಯರನ್ನು ಹೊರಗೆ ಕಳಿಸಿ ಬಾಗಿಲು ಹಾಕಿದೆ. ‘ನೂರಾ, ಆ ಕೆಲಸ ಅವರದಲ್ಲ. ನಾನು ಮಾಡಿದ್ದು. ಸಹಿಯೂ ನಾನೇ ಹಾಕಿದ್ದು.’

ನಾನು ಏನೇನೋ ನಿರೀಕ್ಷಿಸಿದ್ದೆ. ಅವಳು ಹೇಳಿದ್ದು ಇದು: ‘ಪಂದ್ಯ ಹೋದದ್ದನ್ನು ಮರೆಯುತ್ತೇನೆ. ಏಳು ವರ್ಷದಿಂದ ನಾನು ಆ ಮನುಷ್ಯನ ಬಗ್ಗೆ ಈ ಕತೆ ಹೇಳುತ್ತಿದ್ದೇನೆ. ನೀನು ಇಲ್ಲೇ ಕೂತು ಕೇಳುತ್ತಿದ್ದೆ.’



ಅವತ್ತೇ ಅಬು ಸಾಲೆಂ ಅವರಿಗೂ ಬರೆದು ಕೊಟ್ಟೆ. ಮನೆಗೆ ಬಂದು ರಮೇಶನಿಗೆ ಹೇಳಿದೆ. ಅವನು ‘ಟಿಕೆಟ್ ನೋಡಿಡುವುದಾ?’ ಎಂದು ಮಾತ್ರ ಕೇಳಿದ. ಹತ್ತು ದಿನ ಕಾದೆವು. ಪೊಲೀಸರವರೆಗೆ ಹೋಗಲಿಲ್ಲ; ನೂರಾ ಬೇಡವೆಂದಳಂತೆ. ನನ್ನ ಅನುಮತಿ ಪತ್ರವನ್ನು ಹಿಂದಕ್ಕೆ ಪಡೆದರು. ಈಗ ಮತ್ತೆ ಕೌಂಟರಿನಲ್ಲಿದ್ದೇನೆ. ಹೀಗಾಗಬಾರದಿತ್ತು ಎಂದು ನನಗೆ ಅನ್ನಿಸುತ್ತಿಲ್ಲ. ಇಷ್ಟರಲ್ಲೇ ಬಿಟ್ಟರಲ್ಲ, ಅದೇ ದೊಡ್ಡದು.

ಮೊನ್ನೆ ಶುಕ್ರವಾರ ನೂರಾ ನಮ್ಮ ಮನೆಗೇ ಬಂದಳು. ‘ಅವರಿಗೆ ಫೋನ್ ಮಾಡು. ನಾನು ಮಾತಾಡಬೇಕು’ ಎಂದಳು. ಬೋಪಯ್ಯನವರ ಇಂಗ್ಲಿಷು ಅಷ್ಟಕ್ಕಷ್ಟೇ; ಈಗ ಕಿವಿಯೂ ಮಂದವಾಗಿದೆ. ಕಣ್ಣು ಮಾತ್ರ ಚೆನ್ನಾಗಿದೆಯಂತೆ, ಪೇಪರನ್ನು ಕನ್ನಡಕವಿಲ್ಲದೆ ಓದುತ್ತಾರಂತೆ. ನೂರಾ ಹೇಳುವುದು, ನಾನು ಕನ್ನಡದಲ್ಲಿ ಗಟ್ಟಿಯಾಗಿ ಒಪ್ಪಿಸುವುದು — ಹಾಗೆಂದು ಸ್ಪೀಕರ್ ಹಾಕಿ ಕೂತೆವು. ರಮೇಶ, ಸಾನ್ವಿ ಇಬ್ಬರೂ ಅಲ್ಲೇ ಇದ್ದರು.

ನೂರಾ ಒಂದು ವಾಕ್ಯ ಹೇಳಿ ನಿಲ್ಲಿಸಿದಳು. ನಾನು ಹೇಳಿದೆ: ‘ಸರ್, ನಾನು ನಿಮ್ಮ ಮೇಲೆ ತಪ್ಪು ಹೊರಿಸಿದೆ.’

ಅವಳು ಇನ್ನೊಂದು ಹೇಳಿದಳು. ‘ಏಳು ವರ್ಷ ಎಲ್ಲರೂ ನಿಮ್ಮನ್ನು ಕಣ್ಣು ಕಾಣದವರು ಅಂದರು. ಅದು ಸುಳ್ಳು. ನಾನು ಸರಿಯಾಗಿ ನೋಡಲಿಲ್ಲ.’

ಮೂರನೆಯ ವಾಕ್ಯ ಹೇಳಿ ನೂರಾ ನನ್ನ ಕಡೆ ತಿರುಗಿದಳು. ನಾನು ಫೋನಿಗೆ ಬಾಗಿದೆ. ‘ನಾನು — ನನ್ನನ್ನು ಕ್ಷಮಿಸಿ.’

ಆ ಕಡೆಯಿಂದ ಅವರ ದನಿ ಬಂತು. ‘ಶಶಿಕಲಾ, ಇದು ಆ ಹುಡುಗಿ ಹೇಳಿದ್ದಾ, ನೀನು ಹೇಳಿದ್ದಾ?’

‘ಇಬ್ಬರೂ, ಸರ್.’

‘ಹಾಂ. ಹಾಗಾದ್ರೆ ಇಬ್ಬರದ್ದೂ ನನಗೆ ಕೇಳಿತು’ ಎಂದರು.