ಜಯಕ್ಕನ ಲಾಟೀನಿಗೆ ಹೊಸ ಬಲ್ಬು

ಆದವಾನಿಯ ಸ್ಟೇಷನ್ ರಸ್ತೆಯಲ್ಲಿ ಜಯಕ್ಕನ ಬ್ಯಾಟರಿ ಲಾಟೀನು ಹತ್ತಿತೆಂದರೆ ಎಣ್ಣೆ ಕಾದಿದೆ, ಮಂಡಕ್ಕಿ ಒಗ್ಗರಣೆಯ ಉಗ್ಗಾಣಿ, ಜೊತೆಗೆ ಮೆಣಸಿನಕಾಯಿ ಬಜ್ಜಿ ಸಿದ್ಧ ಎಂದೇ ಅರ್ಥ. ಹತ್ತಿ ಮಿಲ್ಲಿನೊಳಗೆ ಬೆಂಕಿ ಒಯ್ಯುವಂತಿಲ್ಲವಲ್ಲ, ಅಲ್ಲಿ ಕಾವಲಿಗಿದ್ದ ಅವಳ ಗಂಡ ಭೀಮಲಿಂಗಪ್ಪನಿಗೆ ಕೊಟ್ಟಿದ್ದ ಲಾಟೀನದು. ಅವನು ತೀರಿಕೊಂಡ ಮೇಲೆ ಅದನ್ನೇ ತಳ್ಳುಬಂಡಿಗೆ ನೇತುಹಾಕಿ, ಬಜ್ಜಿ ಕರಿದು, ಹೆಣ್ಣುಮಕ್ಕಳನ್ನು ದಡ ಮುಟ್ಟಿಸಿದ್ದಳು.

ಈಚೆಗೆ ಬಲ್ಬು ಸುಟ್ಟಿತು. ಲಾಟೀನು ಕಾಣದ ಗಿರಾಕಿಗಳು ಬಂಡಿಯೇ ಇಲ್ಲವೆಂದುಕೊಂಡು ಮುಂದೆ ಹೋಗತೊಡಗಿದರು.

"ನಾ ಅದೀನಲ್ಲ ಜಯಕ್ಕಾ, ಚಿಂತಿ ಬಿಡು," ಎಂದ ಸುಂಕೇಶ. ಮಿಲ್ಲಿನಲ್ಲಿ ಹತ್ತಿ ತೂಗುವ ಗುಮಾಸ್ತ; ಊರಿನ ತೂಕವೆಲ್ಲ ನೋಡಿ ತನ್ನದೊಂದನ್ನು ಬಿಟ್ಟವನು. ಸೋಮವಾರ ಉಪವಾಸ ಮಾಡುವ ಹೆಂಡತಿ ನಾಗಜ್ಯೋತಿಯ ಮುಂದೆ ಎಣ್ಣೆ ತಿಂಡಿ ಬಿಟ್ಟೆನೆಂದು ಆಣೆಯಿಟ್ಟು, ಸಂಜೆ ಇಲ್ಲಿ ಬಂದು ನಿಲ್ಲುವ ಧೀರ.

ಬಲ್ಬು ಕೇಳಿದರೆ ಅಂಗಡಿಯವರು "ಇದಾ? ಮಾ ತಾತ ಕಾಲಂದಿ!" ಎಂದು, ತಾತನ ಕಾಲದ್ದೆಂದು ತೆಲುಗಿನಲ್ಲೇ ನಕ್ಕು ಕಳಿಸಿದರು. ಫೋನಿನಲ್ಲಿ ಚಿತ್ರ ನೋಡಿ ತರಿಸಿದ ಎಲ್‌ಇಡಿ, ಕುಂಬಳಕಾಯಿಯಂತೆ ಬಂದಿಳಿಯಿತು.

"ಬಲ್ಬಿನೊಳಗ ಲಾಟೀನು ಇಡಬೇಕೇನಪ್ಪಾ?" ಎಂದಳು ಜಯಕ್ಕ.

ಕೊನೆಗೆ ಸುಂಕೇಶ ಸುಟ್ಟ ಬಲ್ಬನ್ನು ಜೇಬಿನಲ್ಲಿಟ್ಟುಕೊಂಡು ಅಲೆದಾಡಿ, ಟಾರ್ಚು ರಿಪೇರಿಯವನ ಡಬ್ಬಿ ತಡಕಾಡಿ, ಅದೇ ಅಳತೆಯ ಎಲ್‌ಇಡಿ ಹಿಡಿದು ತಂದ. ಹಾಕಿದ್ದೇ ತಡ, ರಸ್ತೆಗೆ ಹಗಲಾಯಿತು. ಚಂದ್ರನನ್ನು ತಾನೇ ಗೂಟಕ್ಕೆ ತೂಗುಹಾಕಿದವನಂತೆ ಸುಂಕೇಶ ಮೀಸೆ ತಿರುವಿದ.

ಆದರೆ ಬಂದವರೆಲ್ಲ ಬೆಳಕಿನ ಅಂಚಿಗೇ ನಿಂತು ಹಿಂದಿರುಗಿದರು. ಬುಟ್ಟಿಯಲ್ಲಿ ಬಜ್ಜಿ ತಣ್ಣಗಾದವು. ಸಕ್ಕರೆ ಕಾಯಿಲೆಯ ಸಾಹುಕಾರ ರೇವಣಸಿದ್ದಯ್ಯನವರು ಮಾತ್ರ ಟವೆಲ್ ಮುಸುಕು ಹಾಕಿಕೊಂಡು ಬಂದು ಸಿಡುಕಿದರು:

"ಲೇ ಸುಂಕ್ಯಾ, ಬಜ್ಜಿ ಬಂಡಿಯೋ, ಪೊಲೀಸ್ ಠಾಣೆಯೋ? ಮಾಳಿಗಿ ಮ್ಯಾಲ ನಿಂತ ನಮ್ಮ ಸೊಸಿಗೆ ನನ್ನ ಕೈಯಾಗಿನ ಮೆಣಸಿನಕಾಯಿ ತೊಟ್ಟು ಸೈತ ಕಾಣತೈತಿ!"

ಸುಂಕೇಶನಿಗೆ ಆಗ ಹೊಳೆಯಿತು. ಪಥ್ಯದವರು, ವ್ರತದವರು, ತನ್ನಂಥ ಆಣೆಯವರು ಇಲ್ಲಿಗೆ ಬರುತ್ತಿದ್ದುದು ಬಜ್ಜಿಗೆಷ್ಟೋ ಮಬ್ಬಿಗೂ ಅಷ್ಟೇ.

"ನಿನಗ ಗೊತ್ತಿತ್ತೇನು ಜಯಕ್ಕಾ?"

"ಗೊತ್ತಿರದೇನು? ಪಾಪ, ಇಷ್ಟು ತಿರುಗಿ ತಂದೀದಿ, ಹೆಂಗ ಬ್ಯಾಡನ್ಲಿ?" ಎನ್ನುತ್ತಲೇ ಅವಳು ಅರಿಶಿನ ಕಲಸಿದ ಕಡಲೆಹಿಟ್ಟಿನಲ್ಲಿ ಕೈಯದ್ದಿ ಲಾಟೀನಿನ ಗಾಜಿಗೆ ಸವರಿದಳು. ಬೆಳಕು ಹಳದಿಯಾಗಿ ತಗ್ಗಿತು. ಸಾಹುಕಾರರು ಮುಸುಕು ತೆಗೆದರು. ಕತ್ತಲಿನಿಂದ ಒಬ್ಬೊಬ್ಬರೇ ಕೈ ಚಾಚಿದರು.

ಸುಂಕೇಶ ನೆಮ್ಮದಿಯಿಂದ ಬಜ್ಜಿ ಕಚ್ಚಿದ. ಪಕ್ಕದಲ್ಲೇ ಬಳೆ ಸದ್ದಾಯಿತು.

"ಜಯಕ್ಕಾ, ಇನ್ನೊಂದು ಪ್ಲೇಟು. ಖಾರ ಜಾಸ್ತಿ."

ನಾಗಜ್ಯೋತಿಯ ದನಿ! ಅಂದು ಸೋಮವಾರ. ಬಾಯಲ್ಲಿದ್ದ ಬಜ್ಜಿ ನುಂಗಲಾಗದೆ, ಉಗುಳಲಾಗದೆ, ಸುಂಕೇಶ ಸಾಹುಕಾರರ ಟವೆಲ್ ಎಳೆದು ಮುಸುಕು ಹಾಕಿಕೊಂಡು ಬಂಡಿಯ ಹಿಂದೆ ಬಗ್ಗಿದ.

"ಜಯಕ್ಕಾ," ಎಂದು ಪಿಸುಗುಟ್ಟಿದ, "ಹಿಟ್ಟು ಇನ್ನಷ್ಟು ದಪ್ಪ ಹಚ್ಚವಾ!"