ಜೆನ್ ಚೋಚಾಗೆ ರಜೆ ಸಿಕ್ಕ ಭಾನುವಾರ

ನಮ್ಮ ಬೀದಿಯ ಹೆಂಗಸರಲ್ಲಿ ಹೆಚ್ಚಿನವರು ಕ್ರೀಡಾಂಗಣದ ಒಳಗೆ ಕಾಲಿಟ್ಟವರಲ್ಲ. ಅದು ಇರುವುದು ಎರಡೇ ಬೀದಿಯಾಚೆ. ಗಂಡಸರು ಪಂದ್ಯಕ್ಕೆ ಹೋಗುತ್ತಾರೆ. ಹೋಗುವ ಮುಂಚೆ ಅವರಿಗೆ ಊಟವಾಗಬೇಕು, ಬಂದ ಮೇಲೂ ಆಗಬೇಕು, ನಡುವೆ ಪಾತ್ರೆ ತೊಳೆದಿರಬೇಕು. ನನ್ನ ಚಿಕ್ಕಪ್ಪ ಕ್ಯಾಸ್‌ನ ಹೆಂಡತಿ ಜೆನೆವೀವ್, ನಮಗೆಲ್ಲ ಜೆನ್ ಚೋಚಾ (ನಮ್ಮ ಪೋಲಿಷ್ ಮಾತಿನಲ್ಲಿ ಚೋಚಾ ಎಂದರೆ ಚಿಕ್ಕಮ್ಮ), ಮದುವೆಯಾಗಿ ಈ ಮನೆಗೆ ಬಂದಾಗಿನಿಂದ, ಚೆಂಡನ್ನು ಕೈಯಲ್ಲಿ ಎಸೆದು ಆಡುವ ಅಮೆರಿಕದ ಫುಟ್‌ಬಾಲನ್ನು ಸಿಂಕಿನ ಮುಂದಿನ ಕಿಟಕಿಯಿಂದಲೇ ಕೇಳಿದವಳು. ಜನರ ಕೂಗು ಕೇಳಿ ನಮ್ಮ ಹ್ಯಾಮರ್ಸ್ ತಂಡ ಗೆಲ್ಲುತ್ತಿದೆಯೋ ಸೋಲುತ್ತಿದೆಯೋ ಹೇಳುತ್ತಿದ್ದಳು. ಈಚಿನ ವರ್ಷಗಳಲ್ಲಿ ತಂಡ ಸೋಲುತ್ತಲೇ ಇದ್ದುದರಿಂದ ಕಿಟಕಿ ತೆರೆದರೂ ಹೆಚ್ಚೇನೂ ಕೇಳುತ್ತಿರಲಿಲ್ಲ.

ವಾರವೆಲ್ಲ ಅವಳು ಶಾಲೆಯ ಅಡುಗೆಮನೆಯಲ್ಲಿ ದುಡಿಯುತ್ತಿದ್ದಳು. ಭಾನುವಾರ ಬಂದರೆ ಹಿತ್ತಲಲ್ಲಿ ಕ್ಯಾಸ್‌ನ ಗೆಳೆಯರ ಕಾರುಗಳು, ಅವುಗಳ ನಡುವೆ ಉದ್ದನೆಯ ಮೇಜು. ಎಲೆಕೋಸಿನ ಎಲೆ ಬೇಯಿಸಿ, ಒಳಗೆ ಮಾಂಸ, ಅನ್ನ ತುಂಬಿ ಸುತ್ತಿ, ಟೊಮೆಟೊ ರಸದಲ್ಲಿ ಬೇಯಿಸಿದ ಸುರುಳಿಗಳೆಂದರೆ ಅವರಿಗೆ ಪ್ರಾಣ. ಒಂದು ಸುರುಳಿ ತಿನ್ನಲು ಎರಡು ತುತ್ತು. ಮಾಡಲು ಶನಿವಾರ ಪೂರ್ತಿ.

ನಾನು ಹೇಳುತ್ತಿರುವುದು ಆ ವರ್ಷದ ಕೊನೆಯ ಪಂದ್ಯದ ವಿಷಯ. ಪಟ್ಟಿಯ ತಳದಲ್ಲಿರುವ ತಂಡಕ್ಕೆ ವಸಂತದಲ್ಲಿ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಸರದಿ ಎಲ್ಲರಿಗಿಂತ ಮೊದಲು ಬರುತ್ತದೆ. ಟೆಕ್ಸಸ್‌ನಲ್ಲಿ ಒಬ್ಬ ಹುಡುಗನಿದ್ದ. ಅವನು ಎಸೆದ ಚೆಂಡು ದಾರ ಕಟ್ಟಿದಂತೆ ಹೋಗುತ್ತದೆ ಎನ್ನುತ್ತಿದ್ದರು. ಈ ಒಂದು ಪಂದ್ಯ ಸೋತರೆ ಅವನು ನಮ್ಮವನು. ತಂಡದ ದೊಡ್ಡವರು ಆಗಲೇ ಒಳ್ಳೆಯ ಆಟಗಾರರನ್ನು ಬೇರೆ ಊರುಗಳಿಗೆ ಕೊಟ್ಟು, ಉಳಿದವರಲ್ಲಿ ಅರ್ಧ ಜನರಿಗೆ ಮಂಡಿನೋವು ಎಂದು ಹೇಳಿ ಕೂರಿಸಿದ್ದರು. ನಮ್ಮ ಬೀದಿಯವರಿಗೂ ಇದು ಸರಿ ಎನಿಸಿತ್ತು.

ಗುರುವಾರ ಊಟಕ್ಕೆ ಕುಳಿತಾಗ ಕ್ಯಾಸ್ ಮಾತು ತೆಗೆದ. "ಈ ಭಾನುವಾರ ಒಲೆ ಹಚ್ಚೋದು ಬೇಡ."

"ಯಾಕೆ, ಯಾರು ಸತ್ರು?"

"ಯಾರೂ ಸತ್ತಿಲ್ಲ ಮಾರಾಯ್ತಿ. ಈ ವರ್ಷ ನಾವು ಗೆದ್ದಿರೋದು ಎರಡೇ ಸಲ. ಎರಡೂ ಸಲ ನೀನು ಸುರುಳಿ ಮಾಡಿದ್ದೆ. ಸಾಸೇಜ್ ಸುಟ್ಟು ಬಡಿಸಿದ ದಿನವೆಲ್ಲ ಸೋತಿದೀವಿ. ಹುಡುಗರೆಲ್ಲ ಸೇರಿ ಮಾತಾಡಿದ್ವಿ. ನೀನು ಅಡುಗೆಮನೆ ಕಡೆಗೇ ಹೋಗ್ಬೇಡ. ಪಿಜ್ಜಾ ತರಿಸ್ಕೋತೀವಿ."

ಅವನ 'ಹುಡುಗರಲ್ಲಿ' ಚಿಕ್ಕವನಿಗೆ ಐವತ್ತೆಂಟು.

"ನನಗೆ ನ್ಯುಮೋನಿಯಾ ಆಗಿತ್ತಲ್ಲ," ಎಂದಳು ಚೋಚಾ, "ಆಗ ಪಿಜ್ಜಾ ಅಂಗಡಿ ಇರ್ಲಿಲ್ವಾ?"

ಕ್ಯಾಸ್ ಬ್ರೆಡ್ಡಿಗೆ ಬೆಣ್ಣೆ ಸವರತೊಡಗಿದ.

ಚೋಚಾಳ ಯೋಚನೆ ಇದ್ದದ್ದು ಮೇಲಿನ ಮನೆಯ ಬಾಡಿಗೆಯವರ ಬಗ್ಗೆ. ಮಲಕಾಯ್ ಹ್ಯಾಮರ್ಸ್ ತಂಡದ ಮೂರನೆಯ ಕ್ವಾರ್ಟರ್‌ಬ್ಯಾಕ್. ಚೆಂಡೆಸೆಯುವ ಇಬ್ಬರಿಗೂ ಏನಾದರೂ ಆದೀತೆಂದು ಬೆಂಚಿನ ಮೇಲೆ ಇಟ್ಟುಕೊಂಡವನು. ಅಭ್ಯಾಸದಲ್ಲೂ ಅವನ ಕೈಗೆ ಚೆಂಡು ಬರುತ್ತಿದ್ದುದು ಅಪರೂಪ. ಅದಕ್ಕೇ ಅವನ ಹೆಂಡತಿ ಜೋಯೆಲ್ ಆಸ್ಪತ್ರೆಯ ಪಾಳಿ ಮುಗಿಸಿ ಬಂದು, ಬಟ್ಟೆ ಕೂಡ ಬದಲಿಸದೆ, ಹಿತ್ತಲ ಹಿಮದಲ್ಲಿ ನಿಂತು ಅವನು ಎಸೆದ ಚೆಂಡುಗಳನ್ನು ಹಿಡಿಯುತ್ತಿದ್ದಳು. ಅವಳ ಬೆರಳುಗಳಿಗೆ ಸದಾ ಪಟ್ಟಿ. ಅಷ್ಟು ಹೊತ್ತು ಕೂಸು ಚೋಚಾಳ ಮಡಿಲಲ್ಲಿ. ಈ ಕೊನೆಯ ಪಂದ್ಯಕ್ಕೆ ಅವನನ್ನು ಇಳಿಸುವುದಾಗಿ ಹೇಳಿದ್ದರು. ಅಲ್ಲಿಗೆ ಒಪ್ಪಂದವೂ ಮುಗಿಯುತ್ತಿತ್ತು. ಯಾವುದಾದರೂ ತಂಡದ ಕಣ್ಣಿಗೆ ಬಿದ್ದರೆ ಆಟದಲ್ಲಿ ಉಳಿಯುತ್ತಾನೆ, ಇಲ್ಲವಾದರೆ ಜಾರ್ಜಿಯಾದಲ್ಲಿ ಮಾವನ ಟೈರ್ ಅಂಗಡಿ.

"ಮೇಲಿನೋನ ಗತಿ?" ಎಂದು ಚೋಚಾ ಕೇಳಿದಳು.

"ಒಳ್ಳೆ ಹುಡುಗ, ನಾನು ಇಲ್ಲ ಅಂದ್ನಾ? ಆದ್ರೆ ಸೋಲೋಕೆ ಅಂತಲೇ ಅವನನ್ನ ಇಳಿಸ್ತಿರೋದು. ಒಂದು ಪಂದ್ಯ ಕಣೇ. ಸೋತ್ರೆ ಹತ್ತು ವರ್ಷ ನಮ್ಮದೇ."

"ಹಿಂದೆಯೂ ಹೀಗೇ ಸೋತು ಒಬ್ಬನ್ನ ತಂದ್ರಲ್ಲ. ಮುಂದೆ ನಿಂತು ಅವನನ್ನ ಕಾಯೋರನ್ನೆಲ್ಲ ಅಷ್ಟರಲ್ಲಿ ಕಳಿಸಿಬಿಟ್ಟಿದ್ರಿ. ಪಾಪ, ಇದ್ದಷ್ಟು ದಿನ ಅಂಗಾತ ಬಿದ್ದಿದ್ದೇ ಬಂತು. ಮನೇಲಿರೋರನ್ನೆಲ್ಲ ಓಡಿಸಿ ಒಬ್ಬ ಅಳಿಯನ್ನ ತಂದ್ರೆ ಸಂಸಾರ ನಡೆಯುತ್ತಾ?"

"ಈ ಹುಡುಗ ಬೇರೆ."

"ಅವನೂ ಬೇರೇನೇ ಆಗಿದ್ದ." ಚೋಚಾ ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು. "ಸರಿ, ರಜೆ ಕೊಟ್ಟೆ, ತಗೊಂಡೆ. ನಿನ್ನ ಪಕ್ಕದ ಸೀಟು ಯಾರದು?"

"ಬ್ರೂನೋದು. ಅವನು ಫ್ಲಾರಿಡಾದಲ್ಲಿದ್ದಾನೆ."

"ಹಾಗಾದ್ರೆ ನಂದು."

ಆ ಭಾನುವಾರ ನಾನು ಅವರ ಹಿಂದಿನ ಸಾಲಿನಲ್ಲಿದ್ದೆ. ಚೋಚಾ ಚರ್ಚಿಗೆ ಹಾಕುವ ಕೋಟು, ಕೆಂಪು ಕೈಗವಸು ಹಾಕಿಕೊಂಡು ಬಂದಿದ್ದಳು. ಸರೋವರದ ಕಡೆಯ ಗಾಳಿಗೆ ಅವಳ ಕಣ್ಣಲ್ಲಿ ನೀರಾಡುತ್ತಿತ್ತು. ಸುತ್ತಲಿನವರು ಟೆಕ್ಸಸ್ ಹುಡುಗನ ಹೆಸರು ಬರೆದ ಅಂಗಿ ತೊಟ್ಟಿದ್ದರು. ಮಲಕಾಯ್ ಮೊದಲ ಸಲ ಚೆಂಡು ಹಿಡಿದು ಹಿಂದೆ ಸರಿದವನು ತನ್ನ ಕಾಲಿಗೆ ತಾನೇ ತೊಡರಿ ಬಿದ್ದ. ಜನ ಚಪ್ಪಾಳೆ ತಟ್ಟಿದರು. ದೂರದಲ್ಲಿ, ಆಟಗಾರರ ಮನೆಯವರ ಸಾಲಿನಲ್ಲಿ, ಜೋಯೆಲ್ ಕೂಸನ್ನು ಎದೆಗೆ ಕಟ್ಟಿಕೊಂಡು ಕೂತಿದ್ದಳು.

ಅವನು ಎದ್ದ. ಇನ್ನೆರಡು ಸಲ ಬಿದ್ದ, ಎದ್ದ. ಆಮೇಲೆ ಎಸೆದ ಒಂದು ಚೆಂಡು ಇಬ್ಬರ ಕೈ ತಪ್ಪಿಸಿ, ಅಂಕದ ಗೆರೆಯಾಚೆ ಓಡುತ್ತಿದ್ದ ನಮ್ಮವನ ಮಡಿಲಿಗೇ ಬಿತ್ತು. ಕ್ರೀಡಾಂಗಣ ತೆಪ್ಪಗಿತ್ತು.

ಚೋಚಾ ಎದ್ದು ನಿಂತು ಅತ್ತ ಇತ್ತ ನೋಡಿದಳು. "ನಮ್ಮೋರು ತಾನೇ ಅವರು?"

"ಕೂತ್ಕೊಳ್ಳಮ್ಮ," ಎಂದ ಹಿಂದಿನವನೊಬ್ಬ. "ಮುಂದಿನ ವರ್ಷ ಎಲ್ಲ ಸೇರಿ ನಿಂತ್ಕೊಳ್ಳೋಣ."

"ಮುಂದಿನ ವರ್ಷಕ್ಕೆ ನನಗೆ ಅರವತ್ತನಾಲ್ಕು," ಎಂದಳು ಅವಳು. "ಮಂಡಿ ಇರೋದು ಈಗ." ಮತ್ತೆ ಕೂರಲಿಲ್ಲ. ಶಾಲೆಯಲ್ಲಿ ಮುನ್ನೂರು ಮಕ್ಕಳ ಗದ್ದಲದ ಮೇಲೆ ಕೂಗಿ ಅಭ್ಯಾಸವಿದ್ದ ಗಂಟಲು ಅದು. "ಮಲಕಾಯ್" ಎಂದು ಅವಳು ಕರೆದದ್ದು ಮೈದಾನಕ್ಕೆ ಕೇಳಿಸಿತೋ ಇಲ್ಲವೋ, ಕ್ಯಾಸ್ ಮಾತ್ರ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡ.

ಸೋಲಿನ ಲೆಕ್ಕ ಹಾಕಿದವರು ಮೇಲೆ ಗಾಜಿನ ಕೋಣೆಯಲ್ಲಿ ಬೆಚ್ಚಗಿದ್ದರು. ಕೆಳಗೆ ಆಡುತ್ತಿದ್ದವರಿಗೆ ಆ ಲೆಕ್ಕ ತಿಳಿಯದ್ದೇನಲ್ಲ. ಆದರೆ ಹೊಸ ಹುಡುಗ ಬಂದರೆ ಗಂಟುಮೂಟೆ ಕಟ್ಟಬೇಕಾದವರು ಅವರೇ. ಅವರಲ್ಲಿ ಒಬ್ಬನೂ ಕೈ ಸಡಿಲ ಬಿಡಲಿಲ್ಲ. ಕತ್ತಲಾಗುವ ಹೊತ್ತಿಗೆ ಹ್ಯಾಮರ್ಸ್ ಗೆದ್ದಿತು, ಟೆಕ್ಸಸ್ ಹುಡುಗ ಕೈತಪ್ಪಿ ಹೋದ. ಗೆದ್ದ ಸ್ವಂತ ತಂಡಕ್ಕೆ ಊರು ಛೀಮಾರಿ ಹಾಕಿತು. ಅದರ ನಡುವೆ ಕೆಂಪು ಕೈಗವಸಿನ ಒಂದು ಜೊತೆ ಕೈ ಚಪ್ಪಾಳೆ ತಟ್ಟುತ್ತಲೇ ಇತ್ತು.

ಮರುದಿನ ಬೆಳಗ್ಗೆ ನಾನು ಹೋಗುವಷ್ಟರಲ್ಲಿ ಅವರ ಮುಂಬಾಗಿಲ ಮೇಲೆ, ಮೆಟ್ಟಿಲ ಮೇಲೆ ಯಾರೋ ಮೊಟ್ಟೆ ಹೊಡೆದು ಹೋಗಿದ್ದರು. ಎಲ್ಲ ಹೆಪ್ಪುಗಟ್ಟಿತ್ತು.

"ನಮ್ಮ ಬೀದಿಯೋರದ್ದೇ ಕೆಲಸ," ಎಂದ ಕ್ಯಾಸ್, ನಾಚಿಕೆಯಿಂದಲೇ. "ಬಿಸಿನೀರು ಹಾಕಿ ಒರೆಸಿಬಿಡು ಜೆನ್, ಮೇಲಿನೋರು ನೋಡೋ ಮುಂಚೆ."

ಚೋಚಾ ಬಕೆಟ್ಟು, ಬ್ರಷ್ ತಂದು ಅವನ ಕಾಲ ಬುಡದಲ್ಲಿಟ್ಟಳು. "ನಿನ್ನ ಮುಂದಿನ ವರ್ಷ ಬಾಗಿಲಿಗೆ ಅಂಟ್ಕೊಂಡಿದೆ. ನೀನೇ ಒರೆಸು."

ಅವನು ಕುದಿಯುವ ನೀರನ್ನೇ ಸುರಿದ. ಮೊಟ್ಟೆ ಬಾಗಿಲ ಮೇಲೇ ಬೆಂದು ಬಿಳಿಚಿತು.

"ತಣ್ಣೀರು, ಉಪ್ಪು," ಎಂದು ಅವಳು ಒಳಗಿನಿಂದ ಹೇಳಿದಳು.

ಕ್ಯಾಸ್ ಮಂಡಿಯೂರಿ ಉಜ್ಜುತ್ತಿದ್ದಾಗ ಜೋಯೆಲ್ ಕೂಸನ್ನೆತ್ತಿಕೊಂಡು ದಡದಡನೆ ಇಳಿದು ಬಂದಳು. ಒದ್ದೆ ಮೆಟ್ಟಿಲಲ್ಲಿ ಜಾರಲಿದ್ದವಳ ತೋಳನ್ನು ಅವನೇ ಹಿಡಿದುಕೊಂಡ. ಹಾಗಾಗಿ ಸುದ್ದಿ ಮೊದಲು ಕೇಳಿದವನೂ ಅವನೇ.

"ಮಿಸ್ಟರ್ ಕ್ಯಾಸ್, ಫೋನ್ ಬಂತು. ಪಶ್ಚಿಮದ ಕಡೆಯ ತಂಡ. ಎರಡು ವರ್ಷದ ಒಪ್ಪಂದ." ಅವಳು ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು. "ಮಿಸ್ ಜೆನ್ ಎಲ್ಲಿ?"

"ಎರಡು ವರ್ಷ," ಎಂದ ಕ್ಯಾಸ್. ಮೀಸೆಯ ಮೇಲೆ ಉಪ್ಪುನೀರಿನ ಹನಿ. ಏನು ಹೇಳಬೇಕೋ ತೋಚದೆ ಕೇಳಿದ, "ಅವರಾದ್ರೂ ಗೆಲ್ಲೋಕೆ ಆಡ್ತಾರಂತಾ?"

"ಅದು ಕೇಳ್ಲಿಲ್ಲ."

ಚೋಚಾ ಬಂದು ಕೂಸನ್ನು ಎತ್ತಿಕೊಂಡಳು. ಜೋಯೆಲ್‌ಳ ಪಟ್ಟಿ ಸುತ್ತಿದ ಬೆರಳುಗಳನ್ನು ಒಂದು ಗಳಿಗೆ ತನ್ನ ಕೆನ್ನೆಗೆ ಒತ್ತಿಕೊಂಡು, "ನೀನು ಹೋಗಿ ಮಲ್ಕೋ," ಎಂದಳು. "ಸಾಮಾನು ಮಲಕಾಯ್ ಕಟ್ಟಲಿ."

ಕ್ಯಾಸ್ ಬ್ರಷ್ ಕೆಳಗಿಟ್ಟು ಕಾಫಿಗೆಂದು ಚೋಚಾಳ ಹಿಂದೆಯೇ ಒಳಗೆ ಹೊರಟ.

"ಕೆಳಗಿನ ಮೆಟ್ಟಿಲು ಇನ್ನೂ ಬಾಕಿ ಇದೆ," ಎಂದಳು ಅವಳು, ತಿರುಗಿ ನೋಡದೆ.