ಬದುವಿನ ಮೇಲೆ ಬಿದ್ದ ವಿಮಾನ

ನಾನು ಅಂಜುಬುರುಕ. ಮೊದಲೇ ಹೇಳಿಬಿಡುವುದು ವಾಸಿ. ಇಪ್ಪತ್ತು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತಿದ್ದೇನೆ, ವರಾಂಡದಲ್ಲಿ ನನ್ನ ಚಪ್ಪಲಿಯ ಸದ್ದು ಕೇಳಿದರೆ ಮಕ್ಕಳು ಗಪ್ಪಾಗುತ್ತಾರೆ. ಆದರೆ ರಿಮೋಟ್ ಹಿಡಿದು ನನ್ನ ಪುಟ್ಟ ವಿಮಾನವನ್ನು ಗಾಳಿಗೆ ಬಿಟ್ಟ ಕ್ಷಣದಿಂದ ಅದು ನೆಲ ಮುಟ್ಟುವ ತನಕ ಎಲ್ಲಿ ಬೀಳುತ್ತದೋ ಎಂದು ಲೆಕ್ಕ ಹಾಕುತ್ತಲೇ ಇರುತ್ತೇನೆ. ಅಷ್ಟು ಅಂಜಿಕೆಯಿದ್ದರೆ ಯಾಕೆ ಹಾರಿಸಬೇಕು ಎಂದು ಗಾಜಿಪುರ ಬಡಾವಣೆಯ ನಮ್ಮ ಮನೆಯಲ್ಲಿ ಕೇಳಿ ಕೇಳಿ ಬೇಸತ್ತಿದ್ದಾರೆ. ನನಗೂ ಗೊತ್ತಿಲ್ಲ. ಫೋಮ್ ಹಾಳೆ ಕತ್ತರಿಸಿ, ಅಂಟು ಮೆತ್ತಿ, ಎರಡು ತಿಂಗಳು ಕೂತು ಮಾಡಿದ ಒಂದು ವಸ್ತು ನೆಲ ಬಿಟ್ಟು ಮೇಲೇಳುತ್ತದಲ್ಲ, ಅದನ್ನು ಒಮ್ಮೆ ಕಂಡವನಿಗೆ ಬಿಡಲು ಆಗುವುದಿಲ್ಲ, ಅಷ್ಟೇ.

ಈ ಹುಚ್ಚಿನಲ್ಲಿ ನನಗೊಬ್ಬ ಜೋಡಿ ಇದ್ದಾನೆ. ಶಹಾಬಜಾರದ ಗಲ್ಲಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಬಾಲ್ಯದ ಗೆಳೆಯ. ಮನೆಯಲ್ಲಿ ದಖನಿ ಉರ್ದು ಮಾತಾಡುತ್ತಾನೆ, ನನ್ನ ಜೊತೆ ಕನ್ನಡ, ಸಿಟ್ಟು ಬಂದಾಗ ಎರಡೂ. ರೆಕ್ಕೆ, ಬಾಲ, ಅಂಟಿನ ಕೆಲಸ ನನ್ನದು. ವೈರು, ಮೋಟಾರು, ಬೆಸುಗೆ ಅವನದು. ಬೆಸುಗೆಗೆ ಅವನು ಟಾಂಕಾ ಅನ್ನುತ್ತಾನೆ. ಅಕ್ಕಿಕಾಳಿಗಿಂತ ಸಣ್ಣ ಜಾಗದಲ್ಲಿ ಟಾಂಕಾ ಹಾಕುವ ಕೈ ಅದು. ಬೇರೆ ಅಂಗಡಿಯವರು ಆಗುವುದಿಲ್ಲವೆಂದು ಕೈಬಿಟ್ಟ ಫೋನುಗಳೆಲ್ಲ ಕೊನೆಗೆ ಅವನ ಟೇಬಲ್ಲಿಗೆ ಬರುತ್ತಿದ್ದವು. ಆ ಕೈಯೇ ಅವನ ಆಸ್ತಿ, ಅವನ ಹೆಮ್ಮೆ, ಮನೆಯವರ ಅನ್ನ.

ಮೊದಲು ಶರಣಸಿರಸಗಿಯ ಬಯಲಲ್ಲಿ ಹಾರಿಸುತ್ತಿದ್ದೆವು. ಅಲ್ಲಿ ಲೇಔಟುಗಳಾದವು, ಲೈಟಿನ ಕಂಬಗಳು ಬಂದವು, ಒಂದು ರೆಕ್ಕೆ ಕಂಬಕ್ಕೆ ಬಲಿಯಾಯಿತು. ಆಮೇಲೆ ಕಮಲಾಪುರದ ರೈತರೊಬ್ಬರು ತಮ್ಮ ಹೊಲ ತೋರಿಸಿದರು. ಒಂದು ಕಡೆ ಕೆಂಪುಬಾಳೆಯ ತೋಟ, ಇನ್ನೊಂದು ಕಡೆ ತೊಗರಿ ಕೊಯ್ದು ಬಿಟ್ಟ ಬಯಲು. ರಾಶಿಯಾದ ಮೇಲೆ ಎರಡು ತಿಂಗಳು ಆ ಬಯಲು ನಮ್ಮದು. ರೈತರು ಊರವರ ಕೆಟ್ಟ ಫೋನುಗಳನ್ನು ಚೀಲದಲ್ಲಿ ತುಂಬಿ ತಂದು ನನ್ನ ಗೆಳೆಯನಿಗೆ ಕೊಡುತ್ತಿದ್ದರು, ಮುಂದಿನ ರವಿವಾರ ಅವನು ರಿಪೇರಿ ಮಾಡಿ ತರುತ್ತಿದ್ದ. ರೈತರ ತಾಯಿ ಬದುವಿನ ಮೇಲೆ ಎಳೆಬಿಸಿಲಿಗೆ ಬೆನ್ನು ಕೊಟ್ಟು ಕೂತು, ಹೊಲದಲ್ಲಿ ಆಯ್ದ ಹಕ್ಕಲು ತೊಗರಿಯನ್ನು ಬಿಡಿಸುತ್ತಿರುತ್ತಿದ್ದರು. ನಾವೂ ಅವರನ್ನು ಆಯಿ ಅನ್ನುತ್ತಿದ್ದೆವು. ಹತ್ತಿರ ನಿಂತು ಕೂಗಿ ಹೇಳದ ಹೊರತು ಆಯಿಗೆ ಕಿವಿ ಕೇಳುತ್ತಿರಲಿಲ್ಲ.

ಈಗ ಒಂದು ಸಂಗತಿ ತಿಳಿಸಬೇಕು, ಇಲ್ಲದಿದ್ದರೆ ನನ್ನ ತಪ್ಪು ನಿಮಗೆ ತಪ್ಪೆಂದೇ ಅನ್ನಿಸುವುದಿಲ್ಲ. ವಿಮಾನದ ಹೊಟ್ಟೆಯಲ್ಲಿ ರಿಮೋಟಿನ ಮಾತು ಕೇಳುವ ಒಂದು ರಿಸೀವರ್ ಇರುತ್ತದೆ. ಅದನ್ನು ಹೊಸದಾಗಿ ಕೂಡಿಸಿದ ದಿನ ಅದಕ್ಕೊಂದು ಪಾಠ ಹೇಳಿಕೊಡಬೇಕು. ರಿಮೋಟಿನ ಸಂಪರ್ಕ ಕಡಿದುಹೋದರೆ ಮೋಟಾರು ನಿಲ್ಲಿಸು ಎಂಬ ಪಾಠ. ಅದಕ್ಕೆ ರಿಮೋಟಿನಲ್ಲಿ ವೇಗದ ಕಡ್ಡಿಯನ್ನು ಪೂರಾ ಕೆಳಗಿಟ್ಟು ಗುಂಡಿ ಒತ್ತಬೇಕು. ಕಡ್ಡಿ ಮೇಲಿದ್ದಾಗ ಒತ್ತಿದರೆ, ಸಂಪರ್ಕ ಹೋದರೂ ಅದೇ ವೇಗದಲ್ಲಿ ಓಡುತ್ತಿರು ಎಂದು ಅದು ಕಲಿತುಬಿಡುತ್ತದೆ. ಕಲಿತದ್ದು ಸರಿಯೋ ಇಲ್ಲವೋ ನೋಡಲು ಹಾರಿಸುವ ಮೊದಲು ಒಬ್ಬರು ವಿಮಾನದ ಬಾಲ ಗಟ್ಟಿ ಹಿಡಿಯಬೇಕು, ಇನ್ನೊಬ್ಬರು ರಿಮೋಟು ಬಂದ್ ಮಾಡಬೇಕು. ಮೂತಿಯಲ್ಲಿ ತಿರುಗುವ ಪಂಖಾ ನಿಂತರೆ ಹಾರಿಸಬಹುದು, ನಿಲ್ಲದಿದ್ದರೆ ಮನೆಗೆ ಹೋಗಬೇಕು. ಎರಡು ನಿಮಿಷದ ಕೆಲಸ.

ಆ ಶನಿವಾರ ಹೊಸ ರಿಸೀವರ್ ಹಾಕುತ್ತಿದ್ದೆ. ಪಂಖಾ ಬಿಚ್ಚಿಟ್ಟಿದ್ದರಿಂದ ಧೈರ್ಯವಾಗಿ ಕಡ್ಡಿ ಮೇಲೆ ತಳ್ಳಿ ಮೋಟಾರಿನ ಸದ್ದು ಕೇಳುತ್ತಿದ್ದಾಗ ಊಟಕ್ಕೆ ಕರೆ ಬಂತು. ಬಂದೆ ಬಂದೆ ಎನ್ನುತ್ತಲೇ ಗುಂಡಿ ಒತ್ತಿ ಎದ್ದೆ. ಕಡ್ಡಿ ಎಲ್ಲಿತ್ತೆಂದು ನೋಡಲಿಲ್ಲ. ಮಕ್ಕಳಿಗೆ ಪ್ರತಿ ಲೆಕ್ಕದ ಕೆಳಗೆ ತಾಳೆ ನೋಡಿ ಎಂದು ಕೆಂಪು ಶಾಯಿಯಲ್ಲಿ ಬರೆಯುವವನು ನಾನೇ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಮರುದಿನ ಬೆಳಿಗ್ಗೆ ಹೊಲಕ್ಕೆ ಮುಟ್ಟಿದೆವು. ಗಾಳಿ ಹಿತವಾಗಿತ್ತು. ಹೊತ್ತೇರಿದರೆ ಗಾಳಿ ಹೆಚ್ಚುತ್ತದೆ ಎಂಬ ಅವಸರ ನನಗೆ. ರಿಮೋಟು ಬಂದ್ ಮಾಡಿ ನೋಡಿದೆಯೇನು ಎಂದು ಗೆಳೆಯ ಕೇಳಿದ. ಮನೆಯಲ್ಲೇ ನೋಡಿದ್ದೇನೆ ಅಂದೆ. ನೋಡಿರಲಿಲ್ಲ. ಪರೀಕ್ಷೆಯ ಪೇಪರು ತಿದ್ದುವ ಗಡಿಬಿಡಿಯಲ್ಲಿ ರಿಮೋಟಿನ ಸೆಲ್ಲುಗಳನ್ನೂ ಚಾರ್ಜ್ ಮಾಡಿರಲಿಲ್ಲ. ಅವನು ನನ್ನನ್ನು ನಂಬಿ, ವಿಮಾನವನ್ನು ತಲೆಯ ಮೇಲಕ್ಕೆತ್ತಿ ನಾಲ್ಕು ಹೆಜ್ಜೆ ಓಡಿ ಬಿಟ್ಟ.

ಮೂರನೆಯ ಸುತ್ತಿನಲ್ಲಿ ರಿಮೋಟು ಎರಡು ಸಲ ಕುಂಯ್ ಎಂದಿತು, ಅದರ ದೀಪ ಆರಿತು. ಕಡ್ಡಿಯನ್ನು ಎಡಕ್ಕೆ ಒತ್ತಿದೆ, ಬಲಕ್ಕೆ ಒತ್ತಿದೆ, ಕೆಳಕ್ಕೆಳೆದೆ. ವಿಮಾನ ನನ್ನದಾಗಿ ಉಳಿದಿರಲಿಲ್ಲ. ಮೋಟಾರು ನಿಂತಿದ್ದರೆ ಅದು ಅಲ್ಲೇ ಬಯಲಲ್ಲಿ ತೇಲಿ ಇಳಿಯುತ್ತಿತ್ತು. ನಿಲ್ಲಲಿಲ್ಲ. ಹಾಗೇ ಗುಂಯ್ಗುಡುತ್ತ ಅರ್ಧ ಚಕ್ರ ಹೊಡೆದು, ಮೂಗು ಬಗ್ಗಿಸಿ ಬದುವಿನ ಕಡೆ ಹೊರಟಿತು. ಬದುವಿನ ಮೇಲೆ ಆಯಿ ನಮಗೆ ಬೆನ್ನು ಮಾಡಿ ಕೂತಿದ್ದರು.

ಸುಮಾರು ಎರಡು ಕಿಲೋ ತೂಕ, ಮುಂದೆ ಗರಗರ ತಿರುಗುವ ಪಂಖಾ. ಬೆರಳು ಕತ್ತರಿಸಿದ ಪಂಖಾಗಳ ಕಥೆ ಕೇಳಿದ್ದೆ, ಇದು ಆ ಮುದುಕಿಯ ಕುತ್ತಿಗೆಯ ಕಡೆ ಹೋಗುತ್ತಿತ್ತು. ಆಯೀ ಎಂದು ಕೂಗಿದೆ. ಗೆಳೆಯ ಕೂಗುತ್ತ ಓಡುತ್ತಿದ್ದ, ರೈತರು ಬಾಳೆತೋಟದಿಂದ ಕೂಗುತ್ತಿದ್ದರು. ಎಲ್ಲರಿಗೂ ಆಕೆಗೆ ಕೇಳಿಸುವುದಿಲ್ಲವೆಂದು ಗೊತ್ತಿತ್ತು, ಆದರೂ ಕೂಗುತ್ತಿದ್ದೆವು. ಆಯಿ ಒಂದು ಕಾಯಿ ಬಿಡಿಸಿದರು, ಕಾಳು ಮಡಿಲಿಗೆ ಹಾಕಿಕೊಂಡರು, ಇನ್ನೊಂದು ಕಾಯಿ ಎತ್ತಿಕೊಂಡರು. ಅಷ್ಟರಲ್ಲಿ ವಿಮಾನ ಬಿತ್ತು.

ಆಕೆಯಿಂದ ಎರಡು ಗೇಣು ಆಚೆ ಬಿತ್ತು. ಪಂಖಾ ಬದುವಿನ ಕರಿಮಣ್ಣನ್ನು ಕೊರೆದು ಮುರಿಯಿತು. ಮಣ್ಣು ಸಿಡಿದು ಆಯಿಯ ಸೆರಗೆಲ್ಲ ತುಂಬಿತು. ಆಗ ತಿರುಗಿ ನೋಡಿದರು. ಹದ್ದು ಬಿತ್ತೆಂದುಕೊಂಡರಂತೆ. ನಾನು ಹೋಗಿ ಮುಟ್ಟುವ ಹೊತ್ತಿಗೆ ಆಕೆಗೆ ಏನೂ ಆಗಿಲ್ಲವೆಂದು ಎಲ್ಲರಿಗೂ ತಿಳಿದಿತ್ತು, ಆದರೂ ನಾನು ಅಲ್ಲೇ ಕೂತುಬಿಟ್ಟೆ. ಕೂರುತ್ತಲೇ ಒಂದು ಕೆಲಸ ಮಾತ್ರ ಮರೆಯದೆ ಮಾಡಿದೆ. ದೀಪ ಆರಿದ ರಿಮೋಟನ್ನು ಯಾರೂ ನೋಡದಂತೆ ಚೀಲದೊಳಗೆ ತುರುಕಿದೆ.

ಬಿದ್ದ ಹೊಡೆತಕ್ಕೆ ಬ್ಯಾಟರಿ ಹಾರಿಹೋಗಿತ್ತು, ಅದರ ಕೆಂಪು ವೈರು ಬೆಸುಗೆಯಿಂದ ಕಿತ್ತು ಬಂದಿತ್ತು. ರೈತರು ಅದನ್ನು ಎತ್ತಿ ಹಿಡಿದು, ಇದು ಬಿಚ್ಚಿದ್ದಕ್ಕೇ ಹೀಗಾಯಿತಲ್ಲವೇ ಎಂದು ಕೇಳಿದರು. ಗೆಳೆಯ ವೈರನ್ನು ತೆಗೆದುಕೊಂಡು ನೋಡಿದ. ಅವನ ಮುಖದ ಬಣ್ಣ ಇಳಿದುಹೋಯಿತು. ನಂತರ ನನ್ನ ಮುಖ ನೋಡಿದ.

"ಹೌದು," ಅಂದೆ. "ಅದೇ ಇರಬೇಕು."

ಒಂದು ವಾರದಲ್ಲಿ ಮುಗಿಯುವ ಮಾತೆಂದುಕೊಂಡಿದ್ದೆ. ನಾಲ್ಕು ತಿಂಗಳಾದರೂ ಮುಗಿಯಲಿಲ್ಲ. ಮೊದಲು ಕಮಲಾಪುರದಿಂದ ಫೋನುಗಳ ಚೀಲ ಬರುವುದು ನಿಂತಿತು, ಅವನ ಟಾಂಕಾ ನಿಲ್ಲುವುದಿಲ್ಲವೆಂದು ಊರಲ್ಲಿ ಮಾತಾಗಿತ್ತು. ಆಮೇಲೆ ಅವನೇ ಟಾಂಕಾ ಹಾಕುವುದನ್ನು ನಿಲ್ಲಿಸಿದ. ಒಂದು ದಿನ ನನ್ನ ಫೋನಿನ ಚಾರ್ಜಿಂಗ್ ಜಾಗ ಸಡಿಲಾಗಿದೆಯೆಂದು ಹೋದೆ. ಬಿಸಿಮಾಡಿದ ಸಾಲ್ಡರ್ ಕಡ್ಡಿಯನ್ನು ಹತ್ತಿರ ತಂದ, ಅದರ ತುದಿ ತರತರ ನಡುಗಿತು, ತಿರುಗಿ ಸ್ಟ್ಯಾಂಡಿನಲ್ಲಿಟ್ಟ. ಬೇರೆ ಕಡೆ ತೋರಿಸು ಅಂದ. ಆಮೇಲೆ ಅವನು ಬರೀ ಕವರು, ಗಾಜು, ಹಾಡು ಕೇಳುವ ವೈರು ಮಾರಿಕೊಂಡು ಕೂರತೊಡಗಿದ.

ನನಗೆ ಅವನ ಮೇಲೆ ಮರುಕವಿತ್ತು ಎಂದರೆ ಅರ್ಧ ಸುಳ್ಳು. ಹೆಚ್ಚಿಗೆ ಇದ್ದದ್ದು ಅಂಜಿಕೆ. ಯಾಕೆಂದರೆ ಲೆಕ್ಕ ಬಹಳ ಸುಲಭವಿತ್ತು. ವೈರು ಗಾಳಿಯಲ್ಲೇ ಬಿಚ್ಚಿದ್ದರೆ ಮೋಟಾರು ಗಾಳಿಯಲ್ಲೇ ನಿಲ್ಲಬೇಕಿತ್ತು. ಅದು ಮಣ್ಣು ಕೊರೆಯುವ ತನಕ ತಿರುಗಿತ್ತು. ಅವನೂ ಕಣ್ಣಾರೆ ನೋಡಿದ್ದ. ಗಾಬರಿಯಲ್ಲಿ ಹೊಳೆದಿಲ್ಲ, ಎಂದೋ ಒಂದು ದಿನ ಚಹಾ ಕುಡಿಯುತ್ತ ಕೂತಾಗ ಫಕ್ಕನೆ ಹೊಳೆಯುತ್ತದೆ. ಆ ದಿನ ನನ್ನ ಗತಿಯೇನು? ಅವನ ಫೋನು ಬಂದರೆ ಎತ್ತಲು ತಡಮಾಡುತ್ತಿದ್ದೆ, ಬರದಿದ್ದರೆ ಹೊಳೆದೇಬಿಟ್ಟಿದೆ ಅನ್ನಿಸುತ್ತಿತ್ತು. ಅವನು ಸುಮ್ಮನೆ ಮೋಟಾರ್ ಸೈಕಲ್ಲಿನ ಮಾತೆತ್ತಿದರೂ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಳ್ಳುತ್ತಿದ್ದೆ. ಶಹಾಬಜಾರ ತಪ್ಪಿಸಿ ಸುತ್ತು ಹಾಕಿ ಶಾಲೆಗೆ ಹೋಗತೊಡಗಿದೆ.

ಬೇಸಿಗೆ ರಜೆಯಲ್ಲಿ ಅವನೇ ಕರೆಸಿದ. ಮಧ್ಯಾಹ್ನ, ಗಲ್ಲಿಯಲ್ಲಿ ನಾಯಿಯೂ ಇರಲಿಲ್ಲ. ಟೇಬಲ್ ಖಾಲಿ ಮಾಡಿದ್ದ. ಸಂಬಂಧಿಕರ ಬಟ್ಟೆ ಅಂಗಡಿಗೆ ಹೋಗುತ್ತಾನಂತೆ, ಮುಂದಿನ ವಾರದಿಂದ. ಇಷ್ಟು ಹೇಳಿ ತನ್ನ ಸಾಲ್ಡರ್ ಕಡ್ಡಿಯನ್ನು ಹಳೆ ಟಾವೆಲ್ಲಿನಲ್ಲಿ ಸುತ್ತಿ ನನ್ನ ಕೈಗಿಟ್ಟ.

"ನಿನಗ ವಿಮಾನಕ್ಕ ಬೇಕಾಗ್ತದ, ಮಾಸ್ತರ," ಅಂದ. "ನನ್ನ ಕೈ ಮ್ಯಾಲ ನನಗ ಭರೋಸಾ ಇಲ್ಲ. ಒಂದ ಸಲ ಉಳಿದಾಳ ಆಯಿ, ಎರಡನೇ ಸಲ ಯಾರನ್ನ ಕೊಲ್ಲಲಿ?"

ಟಾವೆಲ್ಲಿನ ಗಂಟು ಕೈಯಲ್ಲಿ ಕಲ್ಲಿನಂತೆ ಭಾರವಾಯಿತು. ಇದನ್ನು ತೆಗೆದುಕೊಂಡು ಮನೆಗೆ ಹೋದರೆ ನಾನು ಮನುಷ್ಯನಲ್ಲ ಅನ್ನಿಸಿತು. ಹೇಳಿದರೆ ಮೂವತ್ತೈದು ವರ್ಷದ ಗೆಳೆತನ ಹೋಗುತ್ತದೆ ಎಂಬುದೂ ಅಷ್ಟೇ ಖಚಿತವಾಗಿತ್ತು. ಕೊನೆಗೆ ಅವನ ಮುಖ ನೋಡದೆ, ಖಾಲಿ ಟೇಬಲ್ಲನ್ನು ನೋಡುತ್ತ ಒಂದೊಂದಾಗಿ ಹೇಳಿದೆ. ಕಡ್ಡಿ ಮೇಲಿದ್ದದ್ದು, ನೋಡದೆಯೇ ನೋಡಿದ್ದೇನೆ ಅಂದದ್ದು, ಸೆಲ್ಲು ಸತ್ತದ್ದು, ರಿಮೋಟು ಚೀಲಕ್ಕೆ ತುರುಕಿದ್ದು.

ಅವನು ಮೆಲ್ಲಗೆ, "ಪಂಖಾ ತಿರಗಾಕತ್ತಿತ್ತು," ಅಂದ. "ಮಣ್ಣಾಗ ಹೋಗೂ ತನಕ ತಿರಗಾಕತ್ತಿತ್ತು." ತನ್ನ ಬಲಗೈಯನ್ನು ಮುಂದೆ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. ಬೈಯುತ್ತಾನೆ, ಹೊಡೆಯುತ್ತಾನೆ ಎಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅದರ ಬದಲು ಅವನು ಹೇಳಿದ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಈ ನಾಲ್ಕು ತಿಂಗಳು ಪ್ರತಿ ಶುಕ್ರವಾರ ನಮಾಜು ಮುಗಿಸಿ ಅವನು ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗುತ್ತಿದ್ದನಂತೆ. ಆಯಿಯ ಎದುರು ಕೂತು ಕೈಮುಗಿದು ಬರುತ್ತಿದ್ದನಂತೆ. ಆಕೆ ಪ್ರತಿ ಸಲವೂ ಹೋಗಲಿ ಬಿಡು ಎಂದು ಕೈಯಾಡಿಸುತ್ತಿದ್ದರಂತೆ.

"ನನಗ ಹೇಳಿದ್ದು ಸಾಕಾಗಂಗಿಲ್ಲ," ಅಂದ. "ಆಯಿ ಮುಂದ ಹೇಳು. ನಾನೂ ಬರ್ತೇನಿ."

ಮೂವತ್ತು ಕಿಲೋಮೀಟರಿಗೂ ಮೀರಿದ ದಾರಿ ಅವನು ನನ್ನ ಗಾಡಿಯ ಹಿಂದಿನ ಸೀಟಿನಲ್ಲಿ ಕೂತು ಬಂದ. ರೈತರು ನನ್ನ ಮೇಲೆ ಕೈ ಮಾಡಬಹುದು, ಮಾಸ್ತರನ ಬಂಡವಾಳ ಊರೆಲ್ಲ ಹರಡಬಹುದು, ಶಾಲೆಯ ತನಕ ಬರಬಹುದು. ಗಾಡಿ ಹೊಡೆಯುತ್ತ ಇವನ್ನೇ ಎಣಿಸುತ್ತಿದ್ದೆ. ಎರಡು ಸಲ ಗೇರು ತಪ್ಪಿತು.

ಆಯಿ ಬೇವಿನ ನೆರಳಲ್ಲಿದ್ದರು. ಹತ್ತಿರದಲ್ಲೇ ಐದಾರು ಹೆಣ್ಣುಮಕ್ಕಳು ಕೂತು ಶೇಂಗಾ ಸುಲಿಯುತ್ತಿದ್ದರು, ರೈತರು ಕಟ್ಟೆಯ ಮೇಲಿದ್ದರು. ನಾನು ಕುಕ್ಕುರುಗಾಲಲ್ಲಿ ಕೂತು, ಆಯಿಯ ಕಿವಿಗೆ ಬಾಯಿ ಹತ್ತಿಸಿ, ಉಳಿದವರಿಗೆ ಕೇಳದಂತೆ ತಗ್ಗಿದ ದನಿಯಲ್ಲಿ ಶುರು ಮಾಡಿದೆ. ಆಯಿ ತಲೆಯಾಡಿಸಿದರು, ಕೇಳಿಸುತ್ತಿಲ್ಲ ಎಂದು. ಸ್ವಲ್ಪ ಜೋರಾಗಿ ಹೇಳಿದೆ. ಮತ್ತೆ ತಲೆಯಾಡಿಸಿದರು. ಗೆಳೆಯನ ಕಡೆ ನೋಡಿದೆ, ಅವನು ಕೈಕಟ್ಟಿ ನಿಂತಿದ್ದ. ಕೊನೆಗೆ ಎದ್ದು ನಿಂತು, ತರಗತಿಯಲ್ಲೂ ಎಂದೂ ಕೂಗದಷ್ಟು ಜೋರಾಗಿ ಕೂಗಿದೆ.

"ಆಯಿ, ಅವತ್ತಿನ ತಪ್ಪು ನಂದು. ಇವನ ಟಾಂಕಾ ಬಿಚ್ಚಿದ್ದಿಲ್ಲ. ನಾ ಸುಳ್ಳು ಹೇಳಿದ್ದೆ."

ಶೇಂಗಾ ಸುಲಿಯುವ ಸದ್ದು ನಿಂತುಹೋಯಿತು. ರೈತರು ಕಟ್ಟೆಯಿಂದ ಇಳಿದರು. ನಾನು ಕಣ್ಣು ಮುಚ್ಚಿದೆ, ನಾಚಿಕೆಯಿಂದಲ್ಲ, ಏಟು ಬೀಳುತ್ತದೆಂಬ ಅಂಜಿಕೆಯಿಂದ. ಯಾರೂ ಹೊಡೆಯಲಿಲ್ಲ. ಕಣ್ಣು ತೆರೆದಾಗ ಆಯಿ ಸೊಂಟದ ಸಂಚಿಯನ್ನು ಬಿಚ್ಚಿ ಎಲೆ ಅಡಿಕೆಯ ಕೆಳಗಿನಿಂದ ಏನೋ ಹುಡುಕುತ್ತಿದ್ದರು. ಅರಿವೆಯ ಚಿಂದಿಯೊಂದನ್ನು ತೆಗೆದು ಬಿಡಿಸಿದರು. ಒಳಗೆ ಹುಣಸೆಬೀಜದಷ್ಟು ಸಣ್ಣ, ಕಿವಿಗಿಟ್ಟುಕೊಳ್ಳುವ ಮಷೀನು.

"ಇದು ಕೆಟ್ಟು ಆರ ತಿಂಗಳಾತು," ಅಂದರು. "ಇವ ಶುಕ್ರವಾರ ಬಂದಾಗೆಲ್ಲ ಕೊಡಬೇಕಂತಿದ್ದೆ. ಇವನ ಟಾಂಕಾ ನಿಲ್ಲಂಗಿಲ್ಲ ಅಂದಿದ್ರು, ಅಂಜಿದೆ."

ನಾನೇ ಹತ್ತಿರವಿದ್ದೆ, ಇಸಿದುಕೊಂಡು ಅವನಿಗೆ ಕೊಡೋಣವೆಂದು ಕೈ ಚಾಚಿದೆ. ಆಯಿ ಮಷೀನನ್ನು ಮುಷ್ಟಿಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡರು.

"ನೀ ಮುಟ್ಟಬ್ಯಾಡ."

ಗೆಳೆಯ ನನ್ನನ್ನು ದಾಟಿ ಮುಂದೆ ಬಂದ. ಮಷೀನನ್ನು ತೆಗೆದುಕೊಂಡು ಬಿಸಿಲಿಗೆ ಹಿಡಿದ, ಉಗುರಿನಿಂದ ಅದರ ಸಣ್ಣ ಮುಚ್ಚಳ ಎಬ್ಬಿಸಿ ಒಂದು ಕಣ್ಣು ಮುಚ್ಚಿ ಒಳಗೆ ನೋಡಿದ. ಅವನ ಬೆರಳುಗಳನ್ನೇ ನೋಡುತ್ತಿದ್ದೆ. ಇನ್ನೂ ತುಸು ನಡುಗುತ್ತಿದ್ದವು.

"ಒಂದ ಟಾಂಕಾ ಸಾಕು, ಆಯಿ," ಎಂದು ಆಕೆಗೆ ಕೇಳಿಸುವ ಹಾಗೆ ಕೂಗಿ ಹೇಳಿದ.